ಬಿಸಿನೀರಿನ ಬುಗ್ಗೆ ನೂರಾರು, ಮೊದಲು ಕೊರೆಯುವುದು ಯಾವುದನ್ನು?

ಪುತ್ತೂರು ತಾಲೂಕಿನ ಇರ್ದೆಯಲ್ಲಿ ಹೊಳೆಯ ಪಕ್ಕ ಕಲ್ಲು ಕಟ್ಟಿದ ಒಂದು ಸಣ್ಣ ಕೊಳ ಉಂಟು. ಹೆಸರು ಬೆಂದ್ರ್ ತೀರ್ಥ. ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು. ಕಳೆದ ಡಿಸೆಂಬರ್‌ನಲ್ಲಿ ತಂಗಿಯ ಮಗನನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಮೆಟ್ಟಿಲಲ್ಲಿ ಕೂತು ಕೈ ಅದ್ದಿದರೆ ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಬೆಚ್ಚಗಿರುತ್ತದೆ, ಸುಡುವುದಿಲ್ಲ. ಹುಡುಗ ಎಂಜಿನಿಯರಿಂಗ್ ಮೂರನೇ ವರ್ಷ. ಕೈ ಒರೆಸಿಕೊಳ್ಳುತ್ತಾ ಕೇಳಿದ: "ಮಾವ, ಇಲ್ಲೇ ಒಂದು ಪವರ್ ಪ್ಲಾಂಟ್ ಹಾಕಿದ್ರೆ ಎಂತ?"

ಅವನ ಸೆಮಿನಾರ್ ವಿಷಯವೇ ಅದು. ದೇಶದಲ್ಲಿ ಭೂಶಾಖದ, ಅಂದರೆ ನೆಲದಡಿಯ ಬಿಸಿಯ, ಜಾಗಗಳು ಬೇಕಾದಷ್ಟಿವೆ, ಅವುಗಳಲ್ಲಿ ಯಾವುದಕ್ಕೆ ಮೊದಲು ಕೈ ಹಾಕಬೇಕು ಅಂತ. ಲ್ಯಾಪ್‌ಟಾಪ್ ತೆರೆದು ಪಟ್ಟಿ ತೋರಿಸಿದ. ಬುಗ್ಗೆಯ ಹೆಸರು, ಪಕ್ಕದಲ್ಲಿ ಡಿಗ್ರಿ. ಜಾಸ್ತಿ ಡಿಗ್ರಿಯದ್ದು ಮೇಲೆ, ಕಮ್ಮಿ ಡಿಗ್ರಿಯದ್ದು ಕೆಳಗೆ. ಮೂವತ್ತು ವರ್ಷ ಬಾಯ್ಲರ್ ಮುಂದೆ ನಿಂತು ಸಂಬಳ ಎಣಿಸಿದವ ನಾನು. ಆ ಪಟ್ಟಿ ನೋಡಿ ಸುಮ್ನಿರಲಿಕ್ಕೆ ಆಗಲಿಲ್ಲ.

ಮೊದಲು ದೊಡ್ಡ ಲೆಕ್ಕ ಹೇಳಿಬಿಡುತ್ತೇನೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುರುತು ಮಾಡಿದ ಬಿಸಿ ಜಾಗಗಳು 381. ಇವೆಲ್ಲದರಿಂದ ಸುಮಾರು 10,600 ಮೆಗಾವಾಟ್ ಸಾಧ್ಯ ಅಂತ ಅಂದಾಜು. ಕಾಪುವಿನಲ್ಲಿರುವ ನಮಗೆ ಅಳತೆಗೋಲು ಹತ್ತಿರವೇ ಉಂಟು. ಪಡುಬಿದ್ರಿ ಪಕ್ಕದ ಕಲ್ಲಿದ್ದಲು ಸ್ಥಾವರ 1,200 ಮೆಗಾವಾಟಿನದು. ಅಂಥವು ಒಂಬತ್ತು ಅಂತ ಇಟ್ಟುಕೊಳ್ಳಿ. ಕೇಂದ್ರ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಇದಕ್ಕಾಗಿಯೇ ಒಂದು ರಾಷ್ಟ್ರೀಯ ನೀತಿಯನ್ನೂ ತಂದಿದೆ. ಆದರೆ ಇವತ್ತಿಗೂ ದೇಶದಲ್ಲಿ ಹೇಳಿಕೊಳ್ಳುವಂಥ ಭೂಶಾಖ ವಿದ್ಯುತ್ ಸ್ಥಾವರ ಒಂದೂ ಇಲ್ಲ. ಇರುವುದೆಲ್ಲ ಪ್ರಯೋಗದ ಗಾತ್ರದ್ದು. ಇಟಲಿಯ ಲಾರ್ಡೆರೆಲ್ಲೊದಲ್ಲಿ ನೆಲದ ಹಬೆಯಿಂದ ಐದು ಬಲ್ಬು ಉರಿಸಿದ್ದು 1904ರಲ್ಲಿ. ನಾವು ಇನ್ನೂ ಆ ಬಲ್ಬಿನ ಹತ್ತಿರವೇ ನಿಂತಿದ್ದೇವೆ ಅಂದರೆ ಜಾಸ್ತಿ ಆಗಲಿಕ್ಕಿಲ್ಲ.

ಹಾಗಿರುವಾಗ "ಅತಿ ಬಿಸಿ ಯಾವುದು" ಅನ್ನುವ ಪ್ರಶ್ನೆಗೂ "ಮೊದಲು ಯಾವುದು" ಅನ್ನುವ ಪ್ರಶ್ನೆಗೂ ಉತ್ತರ ಒಂದೇ ಅಲ್ಲ. ಹುಡುಗ ಎಡವಿದ್ದು ಅಲ್ಲೇ.

ಬುಗ್ಗೆಯ ಡಿಗ್ರಿ ಮೋಸ ಮಾಡುತ್ತದೆ

ಅವನ ಪಟ್ಟಿಯಲ್ಲಿ ಹಿಮಾಚಲದ ಮಣಿಕರಣ್ ಮೇಲಿತ್ತು, 95 ಡಿಗ್ರಿ ಆಸುಪಾಸು. ಲಡಾಖಿನ ಪುಗಾ ಕೆಳಗೆ, 84 ಡಿಗ್ರಿ. ನೋಡಿದರೆ ಸರಿ ಅನ್ನಿಸುತ್ತದೆ ಅಲ್ವಾ? ಆದರೆ ಪುಗಾ ಕಣಿವೆ ಇರುವುದು ಸುಮಾರು 4,400 ಮೀಟರ್ ಎತ್ತರದಲ್ಲಿ. ಅಷ್ಟು ಮೇಲೆ ಗಾಳಿಯ ಒತ್ತಡ ಕಮ್ಮಿ. ನೀರು ಕುದಿಯುವುದೇ 85 ಡಿಗ್ರಿ ಹತ್ತಿರ. ಅಂದರೆ ಪುಗಾದ ನೀರು ಇದಕ್ಕಿಂತ ಬಿಸಿಯಾಗಿ ಮೇಲೆ ಬರಲಿಕ್ಕೇ ಸಾಧ್ಯವಿಲ್ಲ. ಅದು ಕುದಿಯುತ್ತಲೇ ಬರುತ್ತಿದೆ. ಅಲ್ಲಿ ಹಿಂದೆ ಕೊರೆದ, 400 ಮೀಟರ್ ಕೂಡ ಆಳವಿಲ್ಲದ ಬಾವಿಗಳಲ್ಲೇ 140 ಡಿಗ್ರಿ ಸಿಕ್ಕಿದೆ. ಇನ್ನೂ ಕೆಳಗೆ 200 ದಾಟಬಹುದು ಅಂತ ನೀರಿನ ರಸಾಯನ ಹೇಳುತ್ತದೆ.

ರಸಾಯನ ಹೇಗೆ ಹೇಳುತ್ತದೆ ಅಂದರೆ, ಕಷಾಯದ ಹಾಗೆ. ಬಿಸಿ ಜಾಸ್ತಿ ಇದ್ದಷ್ಟು ಜೀರಿಗೆ, ಕೊತ್ತಂಬರಿಯ ಸಾರ ಜಾಸ್ತಿ ಇಳಿಯುತ್ತದೆ. ಒಲೆಯಿಂದ ಇಳಿಸಿ ತಣಿದ ಮೇಲೆ ಕುಡಿದರೂ, ಎಷ್ಟು ಕುದಿಸಿದ್ದರು ಅಂತ ನಾಲಿಗೆಗೆ ಗೊತ್ತಾಗುತ್ತದೆ. ನೆಲದಡಿಯ ನೀರು ಬಂಡೆಯಿಂದ ಸಿಲಿಕಾ ಕರಗಿಸಿಕೊಂಡು ಬರುತ್ತದೆ. ಅದರ ಪ್ರಮಾಣ ಅಳೆದು ಕೆಳಗಿನ ಬಿಸಿ ಅಂದಾಜು ಮಾಡುತ್ತಾರೆ. ಆದರೆ ದಾರಿಯಲ್ಲಿ ತಣ್ಣೀರು ಸೇರಿದರೆ ಕಷಾಯ ತೆಳ್ಳಗಾಗುತ್ತದೆ, ಲೆಕ್ಕ ತಪ್ಪುತ್ತದೆ. ಹಾಗಾಗಿ ರಸಾಯನದ ಮಾತು ಕೇಳಿ ಜಾಗ ಗೊತ್ತು ಮಾಡಬಹುದು. ಕೊರೆಯದೆ ಪ್ಲಾಂಟ್ ಕಟ್ಟಲಿಕ್ಕೆ ಹೋಗಬಾರದು.

ಇನ್ನೊಂದು, ಇದನ್ನು ಬಾಯ್ಲರ್ ಕೆಲಸದವರು ಮೊದಲ ದಿನವೇ ಕಲಿಯುತ್ತಾರೆ. ಯಂತ್ರ ಓಡುವುದು ಬಿಸಿಯಿಂದ ಅಲ್ಲ, ಬಿಸಿ ಮತ್ತು ತಂಪಿನ ನಡುವಿನ ಅಂತರದಿಂದ. ಅಮೆರಿಕದ ಅಲಾಸ್ಕಾದಲ್ಲಿ ಚೀನಾ ಹಾಟ್ ಸ್ಪ್ರಿಂಗ್ಸ್ (Chena, ಚೀನಾ ದೇಶ ಅಲ್ಲ) ಅನ್ನುವ ಜಾಗದಲ್ಲಿ 2006ರಿಂದ ಬರೀ 74 ಡಿಗ್ರಿ ನೀರಿನಲ್ಲಿ ವಿದ್ಯುತ್ ಮಾಡುತ್ತಿದ್ದಾರೆ. ಇದನ್ನು ಕೇಳಿ ಎಷ್ಟೋ ಜನ ನಮ್ಮ ಕೊಂಕಣದ 70 ಡಿಗ್ರಿ ಬುಗ್ಗೆಯಲ್ಲೂ ಆಗುತ್ತದಲ್ಲ ಅನ್ನುತ್ತಾರೆ. ಅಲಾಸ್ಕಾದಲ್ಲಿ ತಣಿಸಲಿಕ್ಕೆ ಸಿಗುವ ನೀರು 4 ಡಿಗ್ರಿ. ನಮ್ಮ ಕರಾವಳಿಯಲ್ಲಿ 28-30. ಅಲ್ಲಿ ಅಂತರ 70, ಇಲ್ಲಿ 40. ಶಾಖದಲ್ಲಿ ಎಷ್ಟು ಪಾಲು ವಿದ್ಯುತ್ ಆಗಬಹುದು ಅನ್ನುವುದಕ್ಕೆ ಭೌತಶಾಸ್ತ್ರ ಒಪ್ಪುವ ಮೇಲಿನ ಮಿತಿ ಅಲ್ಲಿ ಶೇಕಡಾ 20, ಇಲ್ಲಿ 12. ನಿಜವಾದ ಯಂತ್ರ ಅದರ ಅರ್ಧ ಕೊಟ್ಟರೆ ಪುಣ್ಯ.

ಈ ಲೆಕ್ಕವನ್ನೇ ಬೆಂದ್ರ್ ತೀರ್ಥಕ್ಕೆ ಹಾಕಿ ಹುಡುಗನಿಗೆ ತೋರಿಸಿದೆ. ನೀರು 40 ಡಿಗ್ರಿ, ಸುತ್ತಿನ ಹವೆ 28. ಸೆಕೆಂಡಿಗೆ ಒಂದು ಲೀಟರ್ ಬರುತ್ತದೆ ಅಂತ ಇಟ್ಟುಕೊಳ್ಳೋಣ. ಅದನ್ನು 10 ಡಿಗ್ರಿ ತಣಿಸಿದರೆ ಸಿಗುವ ಶಾಖ 42 ಕಿಲೋವಾಟ್. ಅದರಲ್ಲಿ ಶೇಕಡಾ ಎರಡು ವಿದ್ಯುತ್ ಆದರೆ ಮುಕ್ಕಾಲು ಕಿಲೋವಾಟ್ ಚಿಲ್ಲರೆ. ಒಂದು ಮಿಕ್ಸಿ ಓಡುತ್ತದೆ. ಚಟ್ನಿ ಅರೆಯಬಹುದು, ಆದರೆ ಪಂಪು ನಿಲ್ಲಿಸಬೇಕು.

ನೀರು ಎಷ್ಟು, ತೂತು ಎಷ್ಟು

2016ರ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಬೋರ್‌ವೆಲ್ ಹೊಡೆಸಿದೆವು. ನೀರು ನೋಡುವವರು ಬಂದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹಿತ್ತಿಲೆಲ್ಲ ನಡೆದರು. ಹಲಸಿನ ಮರದ ಬುಡದಲ್ಲಿ ಕಾಯಿ ನೆಟ್ಟಗೆ ನಿಂತಿತು. ರಾತ್ರಿ ಹತ್ತು ಗಂಟೆಗೆ ಲಾರಿ ಬಂತು. ಮೊದಲು ಮುರಕಲ್ಲಿನ ಕೆಂಪು ಧೂಳು, ಆಮೇಲೆ ಬಿಳಿ ಶೇಡಿ ಮಣ್ಣು, ಆಮೇಲೆ ಬೂದಿಯಂಥ ಕಲ್ಲಿನ ಪುಡಿ. 400 ಅಡಿ ಹೋದರೂ ಪುಡಿಯೇ. ಬೆಳಿಗ್ಗೆ ತುಳಸಿಕಟ್ಟೆಯಿಂದ ಬಟ್ಟೆ ಒಣಗಿಸುವ ಹಗ್ಗದವರೆಗೆ ಎಲ್ಲ ಬೂದಿ ಬಣ್ಣ. ಬಿಲ್ಲು ಮಾತ್ರ ಅಡಿ ಲೆಕ್ಕದಲ್ಲಿ ಪೂರ್ತಿ ಬಂತು. ಪಕ್ಕದ ಮನೆಯವರಿಗೆ 180 ಅಡಿಗೇ ನೀರು.

ಭೂಶಾಖದ ವ್ಯವಹಾರ ಇದೇ ಕಥೆ, ಅಡಿಯ ಜಾಗದಲ್ಲಿ ಕಿಲೋಮೀಟರ್, ಸಾವಿರದ ಜಾಗದಲ್ಲಿ ಕೋಟಿ. ಒಂದು ಯೋಜನೆಯ ಖರ್ಚಿನಲ್ಲಿ ದೊಡ್ಡ ಪಾಲು ಕೊರೆಯುವುದಕ್ಕೇ ಹೋಗುತ್ತದೆ. ಅದೂ ವಿದ್ಯುತ್ತಿನ ಮೊದಲ ಯೂನಿಟ್ ಬರುವ ಮೊದಲೇ. ಬಿಸಿ ಸಿಕ್ಕಿದರೂ ಬಂಡೆಯಲ್ಲಿ ಬಿರುಕು ಇಲ್ಲದಿದ್ದರೆ ನೀರು ಬರುವುದಿಲ್ಲ. ಸೋಲಾರ್‌ನಲ್ಲಿ ಈ ಭಯ ಇಲ್ಲ. ಮಲ್ಪೆಯ ಬಿಸಿಲು ಹೇಗಿರುತ್ತದೆ ಅಂತ ಯಾರೂ ತೆಂಗಿನಕಾಯಿ ಹಿಡಿದು ನೋಡಬೇಕಾಗಿಲ್ಲ.

ಹಾಗಾಗಿ ನನ್ನ ಮಟ್ಟಿಗೆ ಜಾಗ ಆಯುವಾಗ ಮೊದಲ ಪ್ರಶ್ನೆ: ಇಲ್ಲಿ ಈಗಾಗಲೇ ಯಾರಾದರೂ ಕೊರೆದಿದ್ದಾರಾ, ಏನು ಸಿಕ್ಕಿತು? ಎರಡನೆಯದು: ಈ ಶಾಖ ಬಂದರೆ ಪಕ್ಕದಲ್ಲಿ ಯಾವ ಇಂಧನ ಉಳಿಯುತ್ತದೆ, ಅದು ಎಷ್ಟು ದುಬಾರಿ? ಮೂರನೆಯದು: ಕೆಟ್ಟರೆ ಯಾರ ತಲೆ ಮೇಲೆ ಬೀಳುತ್ತದೆ? ಡಿಗ್ರಿ ನಾಲ್ಕನೆಯದು. ಈ ಕ್ರಮ ಕೇಳಿ ಹುಡುಗ ಮುಖ ಹುಳಿ ಮಾಡಿದ. ಪರವಾಗಿಲ್ಲ.

ತತ್ತಾಪಾನಿ: ಹೆಸರು ಕಮ್ಮಿ, ಲೆಕ್ಕ ಗಟ್ಟಿ

ಛತ್ತೀಸ್‌ಗಢದ ಬಲರಾಂಪುರ ಜಿಲ್ಲೆ, ಅಂಬಿಕಾಪುರದಿಂದ ರಾಮಾನುಜಗಂಜ್‌ಗೆ ಹೋಗುವ ರಸ್ತೆ. ತತ್ತಾ ಅಂದರೆ ಬಿಸಿ, ಪಾನಿ ನೀರು. ಅವರ ಬೆಂದ್ರ್ ತೀರ್ಥ ಅಂದುಕೊಳ್ಳಿ, ಸಂಕ್ರಾಂತಿಗೆ ಜಾತ್ರೆಯೂ ಆಗುತ್ತದೆ. (ಹಿಮಾಚಲದಲ್ಲಿ ಸಟ್ಲೆಜ್ ದಡದಲ್ಲೂ ಇದೇ ಹೆಸರಿನ ಊರು ಉಂಟು, ಅಲ್ಲಿಯ ಹಳೆಯ ಬುಗ್ಗೆಗಳು ಕೋಲ್‌ ಡ್ಯಾಮಿನ ನೀರಿನಲ್ಲಿ ಮುಳುಗಿದವು. ಹುಡುಗ ಎರಡನ್ನೂ ಒಂದೇ ಮಾಡಿದ್ದ.)

ಇಲ್ಲಿ ಸರ್ವೇಕ್ಷಣಾ ಸಂಸ್ಥೆ 26 ಬಾವಿ ಕೊರೆದಿದೆ. ಕೆಲವೇ ನೂರು ಮೀಟರ್ ಆಳದಲ್ಲಿ 100ರಿಂದ 112 ಡಿಗ್ರಿ ನೀರು. ಒಟ್ಟು ನಿಮಿಷಕ್ಕೆ 1,800 ಲೀಟರ್ ಹತ್ತಿರ, ಪಂಪು ಇಲ್ಲದೆ ತಾನಾಗಿ ಉಕ್ಕುತ್ತದೆ. 300 ಕಿಲೋವಾಟಿನ ಪ್ಲಾಂಟ್ ಆಗಬಹುದು ಅಂತ ಆಗಲೇ ಹೇಳಿದ್ದರು. ಆ ಅಂಕಿ ಎಲ್ಲಿಂದ ಬಂತು ಅಂತ ನಾವು ಊಟದ ಮೇಜಿನ ಮೇಲೆ ಲೆಕ್ಕ ಹಾಕಿ ನೋಡಿದೆವು. ಸೆಕೆಂಡಿಗೆ 30 ಲೀಟರ್. 100 ಡಿಗ್ರಿಯಿಂದ 70ಕ್ಕೆ ಇಳಿಸಿದರೆ 30 ಗುಣಿಸು 4.2 ಗುಣಿಸು 30, ಅಂದರೆ 3,780 ಕಿಲೋವಾಟ್ ಶಾಖ. ಅದರ ಶೇಕಡಾ 8 ವಿದ್ಯುತ್ ಆದರೆ 300. ಸರಿಯಾಗಿ ಕೂತಿತು. ಹುಡುಗನ ಮುಖ ಅರಳಿದ್ದು ಅವತ್ತು ಆಗಲೇ.

ಇಷ್ಟು ಕಮ್ಮಿ ಬಿಸಿಯಲ್ಲಿ ಟರ್ಬೈನ್ ತಿರುಗಿಸುವುದು ನೀರಿನ ಹಬೆಯಿಂದ ಅಲ್ಲ. ಬಿಸಿನೀರು ಇನ್ನೊಂದು ದ್ರವವನ್ನು ಕುದಿಸುತ್ತದೆ, ಅದರ ಆವಿ ಟರ್ಬೈನ್ ತಿರುಗಿಸುತ್ತದೆ. ಬೈನರಿ ಅನ್ನುತ್ತಾರೆ. ಫ್ರಿಜ್ಜನ್ನು ಹಿಂದು ಮುಂದು ಮಾಡಿದ ಹಾಗೆ. ಆ ದ್ರವಗಳಲ್ಲಿ ಒಂದಾದ ಐಸೊಪೆಂಟೇನ್ ಕುದಿಯುವುದು 28 ಡಿಗ್ರಿಗೆ. ಏಪ್ರಿಲ್‌ನಲ್ಲಿ ನಮ್ಮ ಅಂಗಳದಲ್ಲಿ ಇಟ್ಟರೆ ಒಲೆಯೇ ಬೇಡ.

300 ಕಿಲೋವಾಟ್ ದೊಡ್ಡದೇನಲ್ಲ. ದಿನಕ್ಕೆ 7,000 ಯೂನಿಟ್ ಹತ್ತಿರ, ಸಾವಿರ ಚಿಲ್ಲರೆ ಮನೆಗೆ ಸಾಕು. ಅದೂ ಛತ್ತೀಸ್‌ಗಢ ಕಲ್ಲಿದ್ದಲಿನ ನಾಡು, ಅಲ್ಲಿ ವಿದ್ಯುತ್ತಿಗೆ ಬರ ಇಲ್ಲ. ಹಾಗಾದರೆ ನನ್ನ ಎರಡನೇ ಪ್ರಶ್ನೆಯಲ್ಲಿ ತತ್ತಾಪಾನಿ ಫೇಲ್ ಅಲ್ವಾ ಅಂತ ಹುಡುಗ ಹಿಡಿದ. ಹೌದು, ಫೇಲ್. ಆದರೂ ನಾನು ಅದನ್ನೇ ಮೊದಲು ಇಡುತ್ತೇನೆ. ಬಾವಿಯ ದಾಖಲೆ ಇದೆ, ಡಾಂಬರು ರಸ್ತೆ ಇದೆ, ವರ್ಷಪೂರ್ತಿ ಕೆಲಸ ಮಾಡಬಹುದು, ಕೆಟ್ಟರೆ ಬಿಡಿಭಾಗ ಮರುದಿನ ತಲುಪುತ್ತದೆ. ಡ್ರೈವಿಂಗ್ ಕಲಿಯುವವರು ಆಗುಂಬೆ ಘಾಟಿಯಲ್ಲಿ ಶುರು ಮಾಡುವುದಿಲ್ಲ. ಪೈಪಿನಲ್ಲಿ ಪೊರೆ ಎಷ್ಟು ಕಟ್ಟುತ್ತದೆ, ಎರಡು ವರ್ಷ ಬಿಡದೆ ಎಳೆದರೆ ಬಿಸಿ ಇಳಿಯುತ್ತದಾ, ಬಳಸಿದ ನೀರನ್ನು ಎಲ್ಲಿ ಕೆಳಗೆ ಬಿಟ್ಟರೆ ಬಾವಿ ತಣಿಯುವುದಿಲ್ಲ. ಇವನ್ನು ಕಲಿಯುವುದಿದ್ದರೆ ಇಲ್ಲಿ ಕಲಿಯಬೇಕು.

ಪುಗಾ: ದೊಡ್ಡ ಮೀನು, ಆಳದ ನೀರು

ಪುಗಾದ ಮಾತು ಬೇರೆ. ದೇಶದಲ್ಲಿ ಮೆಗಾವಾಟ್ ಲೆಕ್ಕದಲ್ಲಿ ವಿದ್ಯುತ್ ಕೊಡಬಲ್ಲ ಜಾಗ ಅಂದರೆ ಎಲ್ಲರೂ ಬೆರಳು ತೋರಿಸುವುದು ಅಲ್ಲಿಗೇ. ದುಬಾರಿ ಇಂಧನದ ಪ್ರಶ್ನೆಯಲ್ಲಿ ಅದಕ್ಕೆ ನೂರಕ್ಕೆ ನೂರು. ಪುಗಾ ಇರುವ ಚಾಂಗ್‌ಥಾಂಗ್ ಪ್ರಸ್ಥಭೂಮಿಯಲ್ಲಿ ಚಳಿಗಾಲ ಅಂದರೆ ಡೀಸೆಲ್ ಜನರೇಟರ್, ಕೋಣೆ ಬೆಚ್ಚಗಿಡುವ ಸೀಮೆಎಣ್ಣೆಯ ಒಲೆ ಬುಖಾರಿ. ಒಂದೊಂದು ಲೀಟರೂ ಕಣಿವೆ ಹತ್ತಿ, ಹಿಮ ದಾಟಿ ಲಾರಿಯಲ್ಲಿ ಬರಬೇಕು. ಸೈನ್ಯಕ್ಕೂ ಅದೇ ಕಷ್ಟ. ಸೋಲಾರ್ ಹಗಲು ಚೆನ್ನಾಗಿ ಕೊಡುತ್ತದೆ, ಆದರೆ ಬಿಸಿ ಬೇಕಾಗುವುದು ರಾತ್ರಿ. ಭೂಶಾಖಕ್ಕೆ ರಾತ್ರಿ ಹಗಲು ಇಲ್ಲ. ಒಂದು ಮೆಗಾವಾಟ್ ಭೂಶಾಖ ದಿನಕ್ಕೆ 20,000 ಯೂನಿಟ್ ಕೊಟ್ಟರೆ, ಅಷ್ಟೇ ಗಾತ್ರದ ಸೋಲಾರ್ ಕೊಡುವುದು ಅದರ ಕಾಲು ಭಾಗ. ಮೇಲಿನಿಂದ ತಂಪು ಹವೆ ಬೇರೆ ಪುಕ್ಕಟೆ. ಅಂತರದ ಲೆಕ್ಕದಲ್ಲಿ ಪುಗಾವನ್ನು ಮೀರಿಸುವ ಜಾಗ ಇಲ್ಲ.

ತೊಂದರೆ ಏನು ಅಂದರೆ, ಕೆಟ್ಟರೆ ಬೇಗ ಸರಿ ಆಗುವುದಿಲ್ಲ. 2021ರ ಫೆಬ್ರವರಿಯಲ್ಲಿ ಓಎನ್‌ಜಿಸಿಯ ಎನರ್ಜಿ ಸೆಂಟರ್, ಲಡಾಖ್ ಆಡಳಿತ ಮತ್ತು ಲೇಹ್‌ನ ಪರ್ವತ ಮಂಡಳಿ ಒಪ್ಪಂದ ಮಾಡಿಕೊಂಡವು. ಗುರಿ ಮೊದಲಿಗೆ ಒಂದು ಮೆಗಾವಾಟ್. 2022ರ ಆಗಸ್ಟ್‌ನಲ್ಲಿ ಕೊರೆಯುವಾಗ ಒತ್ತಡದ ಬಿಸಿದ್ರವ ಮೇಲಕ್ಕೆ ಚಿಮ್ಮಿ ಪುಗಾ ಹಳ್ಳಕ್ಕೆ ಸೇರಿತು. ಕೆಲಸ ನಿಲ್ಲಿಸಬೇಕಾಯಿತು. ಆ ಹಳ್ಳದ ಜವುಗಿನಲ್ಲಿ ಕಪ್ಪು ಕುತ್ತಿಗೆಯ ಕೊಕ್ಕರೆ ಮರಿ ಮಾಡುತ್ತದೆ. ಚಾಂಗ್ಪಾ ಕುರಿಗಾಹಿಗಳ ಪಶ್ಮೀನಾ ಆಡುಗಳು ಕುಡಿಯುವುದು ಅದೇ ನೀರು. ಪುಗಾದ ನೀರಿನಲ್ಲಿ ಬೋರಾನ್ ಜಾಸ್ತಿ, ಕಣಿವೆಯ ನೆಲದ ಮೇಲೆ ಬೊರಾಕ್ಸ್ ಬೆಳ್ಳಗೆ ಹರಡಿಕೊಂಡಿರುತ್ತದೆ. ವರ್ಷದಲ್ಲಿ ಕೆಲಸ ಮಾಡಲಿಕ್ಕೆ ಸಿಗುವ ತಿಂಗಳೇ ಕಮ್ಮಿ, ಅದರಲ್ಲಿ ಒಂದು ತಪ್ಪಾದರೆ ವರ್ಷವೇ ಹೋಯಿತು.

ಅದಕ್ಕೇ ನನ್ನ ಲೆಕ್ಕದಲ್ಲಿ ಪುಗಾ ಎರಡನೆಯದು, ಆದರೆ ಶಾಖದ ಕೆಲಸ ಇವತ್ತೇ ಶುರು ಆಗಬಹುದು. ವಿದ್ಯುತ್ತಿಗೆ ಕಾಯಬೇಕಾಗಿಲ್ಲ. ಪುಗಾದಲ್ಲಿ ಹಿಂದೆಯೇ ಬಿಸಿನೀರಿನಿಂದ ಗುಡಿಸಲು ಬೆಚ್ಚಗಿಟ್ಟು, ಬೊರಾಕ್ಸ್ ಶುದ್ಧ ಮಾಡಿ ನೋಡಿದ್ದಾರೆ. ಹತ್ತಿರದ ಚುಮಾಥಾಂಗ್‌ನಲ್ಲಿ, ಸಿಂಧೂ ನದಿಯ ದಡದಲ್ಲಿ, ನಾರ್ವೆಯವರ ಜೊತೆ ಸೇರಿ ಒಂದು ಹೋಟೆಲನ್ನು ಬುಗ್ಗೆಯ ನೀರಿನಿಂದ ಬೆಚ್ಚಗೆ ಮಾಡಿ ತೋರಿಸಿದ್ದಾರೆ. ಶಾಖವನ್ನು ಶಾಖವಾಗಿಯೇ ಬಳಸಿದರೆ ನೂರರಲ್ಲಿ ಬಹುಪಾಲು ಕೈಗೆ ಸಿಗುತ್ತದೆ. ವಿದ್ಯುತ್ ಮಾಡಿದರೆ ಹತ್ತು ಸಿಗುತ್ತದೆ, ಆಮೇಲೆ ಆ ಹತ್ತನ್ನು ಹೀಟರಿಗೆ ಕೊಡುತ್ತೇವೆ! ಶಾಲೆ, ಆಸ್ಪತ್ರೆ, ಸೈನಿಕರ ವಸತಿ, ತರಕಾರಿ ಬೆಳೆಯುವ ಹಸಿರುಮನೆ. ಇವಕ್ಕೆಲ್ಲ 80 ಡಿಗ್ರಿ ಧಾರಾಳ.

ಮಣಿಕರಣ್, ತಪೋವನ

ಮಣಿಕರಣ್‌ನ ಗುರುದ್ವಾರದಲ್ಲಿ ಲಂಗರಿನ ಅಕ್ಕಿ ಬೇಯುವುದು ಬುಗ್ಗೆಯಲ್ಲೇ. ಯಾತ್ರಿಕರು ಬಟ್ಟೆಯ ಗಂಟಿನಲ್ಲಿ ಅಕ್ಕಿ ಕಟ್ಟಿ ನೀರಿಗೆ ಇಳಿಬಿಟ್ಟು ಕಾಯುತ್ತಾ ನಿಲ್ಲುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು ಅಲ್ಲಿ 5 ಕಿಲೋವಾಟಿನ ಪುಟ್ಟ ಪ್ಲಾಂಟ್ ಮಾಡಿ ತೋರಿಸಿದ್ದೂ ಉಂಟು. ವಿಮಾನದವರು ಬುಗ್ಗೆಗೆ ಹೋದರು ಅಂತ ನಮ್ಮ ಕನ್ನಡದವರು ಹೆಮ್ಮೆ ಪಡಬಹುದು. ಅದು ಪ್ರಯೋಗವಾಗಿಯೇ ಉಳಿಯಿತು.

ಇಲ್ಲಿ ದೊಡ್ಡದಾಗಿ ಕೊರೆಯಲಿಕ್ಕೆ ನನಗೆ ಮನಸ್ಸಿಲ್ಲ. ನ್ಯೂಜಿಲೆಂಡಿನ ರೊಟೊರುವಾದಲ್ಲಿ ಊರವರು ಮನೆ ಮನೆಗೂ ಬೋರ್ ಹಾಕಿ ಬಿಸಿನೀರು ಎಳೆದರು. ಹೆಸರುವಾಸಿ ಚಿಲುಮೆಗಳು ಸೊರಗಿದವು. 1986ರಲ್ಲಿ ಸರ್ಕಾರ ಪೊಹುಟು ಚಿಲುಮೆಯ ಸುತ್ತ ಒಂದೂವರೆ ಕಿಲೋಮೀಟರ್ ಒಳಗಿನ ಬೋರುಗಳನ್ನು ಮುಚ್ಚಿಸಿತು. ಆಮೇಲೆ ಚಿಲುಮೆ ಚೇತರಿಸಿಕೊಂಡಿತು. ನಮ್ಮಲ್ಲಿ ತೀರ್ಥ ಬತ್ತಿದರೆ ಮುಚ್ಚಿಸುವವರೆಗೆ ಜನ ಕಾಯುತ್ತಾರಾ? ಮಣಿಕರಣ್‌ನಲ್ಲಿ ಕಣಿವೆಯೂ ಇಕ್ಕಟ್ಟು, ಪಾರ್ವತಿ ನದಿ ಕೆಳಗೆ, ಗುಡ್ಡ ಮೇಲೆ.

ಉತ್ತರಾಖಂಡದ ತಪೋವನದ ವಿಷಯದಲ್ಲಿ 2025ರ ಜನವರಿಯಲ್ಲಿ ಆ ರಾಜ್ಯ ಐಸ್‌ಲೆಂಡಿನ ವೆರ್ಕಿಸ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿದೆ, ಭೂಶಾಖದ ಅಧ್ಯಯನಕ್ಕೆ. ಅಧ್ಯಯನ ಆಗಲಿ. ಆದರೆ 2021ರ ಫೆಬ್ರವರಿಯ ಪ್ರವಾಹ ಹರಿದದ್ದು ಅದೇ ತಪೋವನದಲ್ಲಿ, 2023ರಲ್ಲಿ ಮನೆಗಳು ಬಿರುಕು ಬಿಟ್ಟ ಜೋಶಿಮಠ ಅಲ್ಲೇ ಪಕ್ಕ. ಎರಡಕ್ಕೂ ಭೂಶಾಖಕ್ಕೂ ಸಂಬಂಧ ಇಲ್ಲ. ಆದರೂ ನೆಲ ಎಷ್ಟು ನಾಜೂಕು ಅಂತ ಅದು ಹೇಳುತ್ತದೆ. ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ ಬಂಡೆ ಒಡೆಯಲಿಕ್ಕೆ ಒತ್ತಡದಲ್ಲಿ ನೀರು ತುಂಬಿಸಿದ ಮೇಲೆ 2017ರಲ್ಲಿ 5.5 ತೀವ್ರತೆಯ ಭೂಕಂಪ ಆಯಿತು. ಆ ಥರದ ಕೆಲಸ ಹಿಮಾಲಯದಲ್ಲಿ ಸದ್ಯಕ್ಕೆ ಬೇಡ.

ಕೊರೆದಿಟ್ಟ ಬಾವಿಗಳು

ಗುಜರಾತಿನ ಖಂಭಾತ್ ತಗ್ಗಿನಲ್ಲಿ ತೈಲಕ್ಕಾಗಿ ಕೊರೆದ ಬಾವಿಗಳು ಎಷ್ಟೋ. ಅಲ್ಲಿಯ ನೆಲ ಸಾಮಾನ್ಯಕ್ಕಿಂತ ಬಿಸಿ, ಕೆಲವು ಕಡೆ ಕಿಲೋಮೀಟರಿಗೆ 40 ಡಿಗ್ರಿಗಿಂತ ಜಾಸ್ತಿ ಏರುತ್ತದೆ. ಎಷ್ಟು ಆಳದಲ್ಲಿ ಎಷ್ಟು ಬಿಸಿ ಅನ್ನುವ ದಾಖಲೆ ತೈಲದವರ ಕಪಾಟಿನಲ್ಲೇ ಇರುತ್ತದೆ. ಖಾಲಿ ಬಿದ್ದ ತೈಲ ಬಾವಿಗಳನ್ನು ಬಳಸಿಕೊಳ್ಳಿ ಅಂತ ಹೊಸ ನೀತಿಯೂ ಹೇಳುತ್ತದೆ. ನನ್ನ ಮೊದಲ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಆದರೆ ತೈಲದ ಪೈಪು ಸಪೂರ. ಎಣ್ಣೆ ಸ್ವಲ್ಪ ಬಂದರೂ ದುಡ್ಡು, ಬಿಸಿನೀರು ಹೊಳೆಯ ಹಾಗೆ ಬರಬೇಕು. ಮೇಲೆ ಗುಜರಾತಿನ ಬೇಸಿಗೆ 42 ಡಿಗ್ರಿ, ಅಂತರ ಕರಗುತ್ತದೆ. ಪಕ್ಕದಲ್ಲಿ ಅಗ್ಗದ ಸೋಲಾರ್. ಧೋಲೇರಾದಲ್ಲಿ ಸಣ್ಣ ಮಟ್ಟದಲ್ಲಿ ಪ್ರಯೋಗ ಆಗಿದೆ. ತೆಲಂಗಾಣದ ಮಣುಗೂರಿನಲ್ಲಿ ಸಿಂಗರೇಣಿ ಗಣಿಯವರು ಕಲ್ಲಿದ್ದಲು ಹುಡುಕುವಾಗ ಬಿಸಿನೀರು ಸಿಕ್ಕಿ, 20 ಕಿಲೋವಾಟಿನ ಪ್ಲಾಂಟ್ ಹಾಕಿದ್ದಾರೆ. ಎರಡೂ ಒಳ್ಳೆಯ ಮೂರನೇ ಸ್ಥಾನ. ಖರ್ಚು ಕಮ್ಮಿ, ಆಸೆಯೂ ಕಮ್ಮಿ ಇಟ್ಟುಕೊಳ್ಳಬೇಕು.

ನಮ್ಮ ಹೈವೇಯ ಬುಗ್ಗೆಗಳು

ಕಾಪುವಿನ ನಮ್ಮ ಮನೆಯಿಂದ ಎನ್‌ಎಚ್ 66ರಲ್ಲಿ ಉತ್ತರಕ್ಕೆ ಹೋಗುತ್ತಲೇ ಇದ್ದರೆ ರತ್ನಾಗಿರಿ ಜಿಲ್ಲೆಯಲ್ಲಿ ಸಂಗಮೇಶ್ವರದ ಹತ್ತಿರ ತುರಳ್ ಸಿಗುತ್ತದೆ. ರಸ್ತೆ ಪಕ್ಕವೇ ಬಿಸಿನೀರ ಕುಂಡ. ಮುಂಬೈಯಿಂದ ಊರಿಗೆ ಬರುವಾಗ ಒಮ್ಮೆ ಕಾರು ನಿಲ್ಲಿಸಿದ್ದೆ. ಕಾಲು ಇಟ್ಟೆ, ತಕ್ಷಣ ಎಳೆದುಕೊಂಡೆ. ಪಕ್ಕದಲ್ಲಿ ಒಬ್ಬ ಅಜ್ಜ ಅದೇ ನೀರನ್ನು ತಣ್ಣೀರು ಬೆರೆಸದೆ ತಲೆಗೆ ಹೊಯ್ದುಕೊಳ್ಳುತ್ತಿದ್ದರು. ಥಾಣೆ ಜಿಲ್ಲೆಯ ವಜ್ರೇಶ್ವರಿ, ಗಣೇಶಪುರಿಯಿಂದ ರಾಜಾಪುರದವರೆಗೆ ಕರಾವಳಿಗೆ ಸಮವಾಗಿ ಒಂದು ಸಾಲು ಬುಗ್ಗೆಗಳು. ಅತಿ ಬಿಸಿಯದ್ದು 70 ಡಿಗ್ರಿ ಆಸುಪಾಸು.

ವಿದ್ಯುತ್ತಿಗೆ ಇವು ಬೇಡ, ಅಂತರದ ಲೆಕ್ಕ ಆಗಲೇ ಹೇಳಿದೆ. ಆದರೆ ಒಣಗಿಸಲಿಕ್ಕೆ? ಮಳೆಗಾಲದಲ್ಲಿ ಅಡಿಕೆ ಒಣಗಿಸಿದವರಿಗೆ 60 ಡಿಗ್ರಿ ಶಾಖದ ಬೆಲೆ ಗೊತ್ತು. ಮೀನು, ಗೋಡಂಬಿ, ಕೋಕಂ ಸಿಪ್ಪೆ, ಮಾವಿನ ಹಪ್ಪಳ. ರತ್ನಾಗಿರಿಯಲ್ಲಿ ಇವೆಲ್ಲ ಉಂಟು, ಈಗ ಒಣಗುವುದು ಬಿಸಿಲಿನಲ್ಲಿ ಅಥವಾ ಸೌದೆಯ ಹೊಗೆಯಲ್ಲಿ. ಹೊಸ ಬಾವಿ ಬೇಡ, ಟರ್ಬೈನ್ ಬೇಡ. ಹರಿದು ಹೋಗುವ ನೀರಿಗೆ ಒಂದು ಹೀಟ್ ಎಕ್ಸ್‌ಚೇಂಜರ್, ಒಂದು ಫ್ಯಾನು, ಟ್ರೇಗಳ ಸಾಲು. ಕುಂಡಕ್ಕೆ ಕೈ ಹಾಕದೆ ಹೊರಗೆ ಹೋಗುವ ನೀರನ್ನು ಮಾತ್ರ ಬಳಸಿದರೆ ಅರ್ಚಕರೂ ಬೇಡ ಅನ್ನಲಿಕ್ಕಿಲ್ಲ. ಖರ್ಚಿನ ಲೆಕ್ಕದಲ್ಲಿ ನೋಡಿದರೆ ಇದು ಎಲ್ಲಕ್ಕಿಂತ ಮೊದಲು ಆಗಬಹುದಾದ ಕೆಲಸ. ಮೆಗಾವಾಟ್ ಇಲ್ಲದ ಕಾರಣ ಪೇಪರಿನಲ್ಲಿ ಮಾತ್ರ ಬರುವುದಿಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆ ಬಿಡಿಸಬೇಕು. "ಸೈಂಟ್ ಮೇರೀಸ್ ದ್ವೀಪ ಜ್ವಾಲಾಮುಖಿಯ ಕಲ್ಲಲ್ವಾ, ಹಾಗಾದ್ರೆ ಮಲ್ಪೆಯ ಅಡಿಯಲ್ಲೂ ಬಿಸಿ ಇರ್ಬೇಕು" ಅಂತ ಹುಡುಗ ವಾದಿಸಿದ. ಆ ಲಾವಾ ಹರಿದು 8.8 ಕೋಟಿ ವರ್ಷ ಆಯಿತು. ಯಾವಾಗಲೋ ತಣಿದು ಹೋಗಿದೆ. ಕೊಂಕಣದ ಬುಗ್ಗೆಯೂ ಜ್ವಾಲಾಮುಖಿಯದ್ದಲ್ಲ. ಮಳೆನೀರು ಬಿರುಕಿನಲ್ಲಿ ಆಳಕ್ಕೆ ಇಳಿದು, ಬಂಡೆಯ ಬಿಸಿ ಹೊತ್ತುಕೊಂಡು ಇನ್ನೊಂದು ಬಿರುಕಿನಲ್ಲಿ ಮೇಲೆ ಬರುತ್ತದೆ. ನಮ್ಮ ಕರ್ನಾಟಕದ ಬಂಡೆಯಂತೂ ಬಹಳ ಹಳತು, ತಣ್ಣಗಿನದು. ಕೋಲಾರದ ಚಿನ್ನದ ಗಣಿ 3 ಕಿಲೋಮೀಟರಿಗೂ ಜಾಸ್ತಿ ಆಳ. ಅಷ್ಟು ಕೆಳಗೆ ಬಂಡೆಯ ಬಿಸಿ 65 ಡಿಗ್ರಿ ಹತ್ತಿರ. ಗಣಿಯಲ್ಲಿ ದುಡಿದವರಿಗೆ ಅದು ನರಕ, ಟರ್ಬೈನಿಗೆ ಅದು ಉಗುರು ಬೆಚ್ಚಗೆ. ಬೇರೆ ಕಡೆ ಅಷ್ಟೇ ಆಳದಲ್ಲಿ 100 ದಾಟುತ್ತದೆ.

ಬೆಂದ್ರ್ ತೀರ್ಥ ಹಾಗಾಗಿ ಯಾವ ಪಟ್ಟಿಗೂ ಬೇಡ. ಅದರ ಸುತ್ತ ತೋಟದ ಬೋರ್‌ವೆಲ್‌ಗಳು ಎಷ್ಟು ಆಳ ಹೋಗುತ್ತಿವೆ ಅಂತ ನೋಡಿಕೊಂಡರೆ ಸಾಕು.

ಹುಡುಗ ಪಟ್ಟಿ ತಿದ್ದಿದ. ಡಿಗ್ರಿಯ ಕಾಲಂ ಕೊನೆಗೆ ಹೋಯಿತು. ಮುಂದೆ ನಾಲ್ಕು ಹೊಸ ಕಾಲಂ ಬಂದವು: ಕೊರೆದ ಬಾವಿ, ನಿಮಿಷಕ್ಕೆ ಲೀಟರ್, ಈಗ ಸುಡುವ ಇಂಧನ, ಬಳಸಿದ ನೀರು ಎಲ್ಲಿಗೆ. ಕೊನೆಯದನ್ನು ಮರೆಯಬೇಡ ಅಂತ ನಾನು ಒತ್ತಿ ಹೇಳಿದೆ. ಕ್ಯಾಲಿಫೋರ್ನಿಯಾದ ಗೀಸರ್ಸ್ ಪ್ರಪಂಚದ ಅತಿ ದೊಡ್ಡ ಭೂಶಾಖ ಕ್ಷೇತ್ರ. ಎಳೆದದ್ದು ಜಾಸ್ತಿ, ಕೆಳಗೆ ಬಿಟ್ಟದ್ದು ಕಮ್ಮಿ ಆಗಿ ಅಲ್ಲಿಯ ಹಬೆಯೇ ಇಳಿಯಿತು. 2003ರಿಂದ ಸಾಂಟಾ ರೋಸಾ ಊರಿನ ಕೊಳಚೆ ನೀರನ್ನು ಶುದ್ಧ ಮಾಡಿ, ಪೈಪಿನಲ್ಲಿ ತಂದು ನೆಲಕ್ಕೆ ತುಂಬಿಸುತ್ತಿದ್ದಾರೆ.

ಲೀಟರಿನ ಕಾಲಂನಲ್ಲಿ ತುರಳ್ ಎದುರು ಇನ್ನೂ ಖಾಲಿ ಉಂಟು. ಮಳೆ ಮುಗಿದ ಮೇಲೆ ಇಬ್ಬರೂ ಹೋಗಿ ಬರುವುದು ಅಂತ ಆಗಿದೆ. ಒಂದು ಥರ್ಮಾಮೀಟರ್, ಹತ್ತು ಲೀಟರಿನ ಬಕೆಟ್, ಕೈಯಲ್ಲಿ ವಾಚು. ಕುಂಡದಿಂದ ಹೊರಗೆ ಹೋಗುವ ಚರಂಡಿಯ ಬಾಯಿಗೆ ಬಕೆಟ್ ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತದೆ ಅಂತ ಅವನು ಎಣಿಸುತ್ತಾನೆ, ನಾನು ಬರೆದುಕೊಳ್ಳುತ್ತೇನೆ.